ಕೆರೆಯ ಮಣ್ಣು, ಕಬ್ಬಿಣದ ನೀರು

ವಿಜಾಪುರ,
ರವಿವಾರ, ೧೭ ನವೆಂಬರ ೧೯೪೬

ಚಿ. ಸೌ. ರುದ್ರವ್ವನಿಗೆ,

ಗಂಡನಾದವನು ಹೆಂಡತಿಗೆ ಆಶೀರ್ವಾದದಿಂದ ಕಾಗದ ಸುರುಮಾಡಬೇಕೆಂಬುದು ರೂಢಿ. ನನ್ನಲ್ಲಿ ಆ ಸಾಮಾನಿನ ದಾಸ್ತಾನು ತೀರಿದೆ. ಆದ್ದರಿಂದ ಬರೀ ನಮಸ್ಕಾರ.

ಮೊದಲು ಅಪರಾಧದ ಕಬೂಲಿ. ವಿಜಾಪುರ ನಿವಾಸಿ ಗುರಲಿಂಗಪ್ಪ, ವಯಸ್ಸು ಮೂವತ್ತೊಂದು, ಧಂದೆ ಹೈಸ್ಕೂಲಿನಲ್ಲಿ ಶಾಸ್ತ್ರ ಕಲಿಸುವುದು, ಸಾಂಗಲಿಯಲ್ಲಿ ಓದಿ ಬಿ.ಎಸ್‌ಸಿ. ಆದವನು, ನಿನ್ನೆ ಶನಿವಾರ ಶಾಲೆಯಿಂದ ಬಂದ ಮೇಲೆ, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ, ತನ್ನ ಧರ್ಮಪತ್ನಿಯ ಟ್ರಂಕಿನ ಕೀಲಿಯನ್ನು ಅಡಕೊತ್ತಿನಿಂದ ಮೀಟಿ, ಇಳಕಲ್ಲ ಸೀರೆಯ ಕೆಳಗಿದ್ದ ಹಿತ್ತಾಳೆ ಡಬ್ಬಿಯಿಂದ ಒಂದು ವಸ್ತುವನ್ನು ಕದ್ದು ತಿಂದಿರುತ್ತಾನೆ. ವಸ್ತುವಿನ ವಿವರ: ಆಕೆಯ ತವರೂರು ಮಮದಾಪುರದ ಕೆರೆಯ ಮಣ್ಣಿನ ಹೆಂಟೆ, ಒಲೆಯ ಬೂದಿಯಲ್ಲಿ ಸುಟ್ಟದ್ದು, ಹುಣಸೆಬೀಜಕ್ಕಿಂತ ದೊಡ್ಡದು, ಅಡಕೆಗಿಂತ ಸಣ್ಣದು. ಆರೋಪಿ ತಪ್ಪನ್ನು ಒಪ್ಪಿಕೊಂಡಿದ್ದಾನೆ.

ಹಲ್ಲಿಗೆ ಕರಕರ, ನಾಲಿಗೆಗೆ ಅಂಟು, ಮೂಗಿಗೆ ಮೊದಲ ಮಳೆಯ ವಾಸನೆ. ಎರಡನೆಯ ಚೂರು ಗಂಟಲಲ್ಲಿ ಇಳಿಯಲಿಲ್ಲ. ಬಾಯಿ ತೊಳೆಯುವಾಗ ಅವ್ವ ನೋಡಿದಳು. “ಯಪ್ಪಾ, ನಿನಗೂ ಹತ್ತಿತೇನೋ ಆಕೀ ಚಟಾ?” ಅಂದಳು. “ಸಂಸಾರ ಮಣ್ಣಪಾಲಾದ ಮ್ಯಾಲ ಅದರ ರುಚಿನರ ನೋಡಬೇಕಲ್ಲ ಬೇ” ಅಂದೆ. ಅವ್ವ ನಗಲಿಲ್ಲ. ನನ್ನ ಚೇಷ್ಟೆಗೆ ಈಗ ಈ ಮನೆಯಲ್ಲಿ ಯಾರೂ ನಗುವುದಿಲ್ಲ. ನಗುತ್ತಿದ್ದವಳು ನೀನೊಬ್ಬಳೇ, ಅದೂ ಮೊದಲಿನ ಎರಡು ವರ್ಷ.

ನಿನಗೆ ಕಳಿಸಿದ್ದ ಔಷಧದ ಬಾಟಲಿಯನ್ನು ಬಾಬುಸಾಬ ಶುಕ್ರವಾರ ತಿರುಗಿ ತಂದುಕೊಟ್ಟ. ವಾರಕ್ಕೆರಡು ಸಲ ಇದ್ದಿಲ ಗ್ಯಾಸಿನ ಆ ಬಸ್ಸನ್ನು ಬಬಲೇಶ್ವರ ದಾಟಿಸಿ ಮಮದಾಪುರದವರೆಗೆ ಓಡಿಸುವುದೇ ಅವನಿಗೊಂದು ತಪಸ್ಸು. ಅದರಲ್ಲಿ ಮಾಸ್ತರನ ಬಾಟಲಿಗೂ ಎರಡೆರಡು ಸಲ ಜಾಗ ಕೊಟ್ಟಿದ್ದಾನೆ. ಚಹಾ ಕುಡಿಯದೆ ಬಾಗಿಲಲ್ಲೇ ನಿಂತು ಹೇಳಿದ: “ಮಾಸ್ತರ, ಸಿಟ್ಟಾಗಬ್ಯಾಡ್ರಿ. ತಂಗ್ಯಮ್ಮ ಈ ಸಲಾನೂ ಬಾಟ್ಲಿ ಮುಟ್ಟಲಿಲ್ಲ. ‘ಅವರ ಲಿಂಬಿ ಗಿಡಕ್ಕ ಹಾಕ್ಕೊಳ್ಳಲಿ ಅನ್ನಣ್ಣಾ’ ಅಂದಳು. ಆಕಿ ಹೇಳಿದ್ದಷ್ಟ ನಾ ಹೇಳಾಕತ್ತೇನಿ.” ಹೋಗುವವನು ಮತ್ತೆ ತಿರುಗಿದ. “ಮಾರಿ ಭಾಳ ಬೆಳ್ಳಗಾಗೇತ್ರಿ. ಮನಿ ಬಾಗಲದಿಂದ ಬಸ್ಸಿನ ತನಾ ಬರೂದ್ರಾಗ ಎರಡು ಸಲ ನಿಂತು ದಮ್ಮು ತಗೊಂಡಾಳ.”

ನಿನ್ನ ಮಾತು ನನಗೆ ತಕ್ಕದ್ದೇ. ಆದರೆ ಬಾಬುಸಾಬನ ಮಾತಿಗೆ ನನಗೆ ಮೂರು ದಿನದಿಂದ ಊಟ ಸೇರುತ್ತಿಲ್ಲ. ಅದಕ್ಕೇ ಈ ಕಾಗದ. ಈಗ ಸ್ವಲ್ಪ ಪಾಠ ಹೇಳುತ್ತೇನೆ. ಆಕಳಿಸಬೇಡ.

ಹಿತ್ತಲಿನ ಲಿಂಬೆ ಗಿಡ ಹೋದ ಬೇಸಗೆಯಲ್ಲಿ ಹಳದಿಯಾಯಿತಲ್ಲ? ಎಲೆಯೆಲ್ಲ ಹಳದಿ, ನರ ಮಾತ್ರ ಹಸಿರು. ಓಣಿಯವರು ದೃಷ್ಟಿ ತಗಲಿದೆ ಅಂದರು. ಅವ್ವ ನೀರು ಸಾಲದು ಅಂದಳು. ಗಿಡ ಗಾಳಿ, ನೀರು, ಬಿಸಿಲು ಕೂಡಿಸಿ ತನ್ನ ಅಡಿಗೆ ತಾನೇ ಮಾಡಿಕೊಳ್ಳುವ ಜಾಣ ಜೀವ. ಆದರೆ ಅಡಿಗೆ ಬೇಯಿಸುವ ಆ ಹಸಿರು ತಯಾರಾಗಬೇಕಾದರೆ ಬೇರಿಗೆ ಚಿಟಿಕೆ ಕಬ್ಬಿಣ ಸಿಗಬೇಕು. ನಮ್ಮ ನೆಲದಲ್ಲಿ ಕಬ್ಬಿಣಕ್ಕೇನು ಕೊರತೆಯಿಲ್ಲ. ಆದರೆ ನೆಲದ ಸುಣ್ಣ ಅದನ್ನು ಹಿಡಿದುಕೊಂಡು ಕೂಡುತ್ತದೆ, ಬೇರಿಗೆ ಬಿಟ್ಟುಕೊಡುವುದಿಲ್ಲ. ನಾನು ಬಜಾರಿನಿಂದ ಅನ್ನಭೇದಿ ತಂದೆ. ಮಸಿ ಮಾಡಲು ಹಾಕುತ್ತಾರಲ್ಲ, ಆ ಹಸಿರು ಹರಳು, ಅದೂ ಕಬ್ಬಿಣದ್ದೇ. ನೀರಲ್ಲಿ ಕರಗಿಸಿ ಎಲೆಗೆ ಚಿಮುಕಿಸಿದೆ. ಇಪ್ಪತ್ತು ದಿನದಲ್ಲಿ ಗಿಡಕ್ಕೆ ಗಿಳಿಯ ಬಣ್ಣ ಬಂತು. ಓಣಿಯವರನ್ನೆಲ್ಲ ಕರೆದು ತೋರಿಸಿದೆ. ನೀನೂ ಬಂದು ನಿಂತಿದ್ದೆ, ಪಡಸಾಲೆಯ ಕಂಬ ಹಿಡಿದುಕೊಂಡು. ಗಂಡನ ಪರಾಕ್ರಮ ನೋಡಿ ಮೈಮರೆತಿದ್ದಾಳೆ ಎಂದುಕೊಂಡೆ. ಕಂಬ ಬಿಟ್ಟರೆ ನಿನಗೆ ಕಣ್ಣು ಕತ್ತಲೆ ಬರುತ್ತಿತ್ತೆಂದು ಈಗ ತಿಳಿಯುತ್ತದೆ.

ಎಲೆಯ ಹಳದಿ ಹತ್ತು ಮಾರು ದೂರದಿಂದ ಕಂಡವನಿಗೆ ಎದುರಿಗೆ ನಿಂತವಳ ಬಿಳುಪು ಕಾಣಲಿಲ್ಲ. ನಿನ್ನ ಉಗುರುಗಳು ನಡುವೆ ತಗ್ಗಾಗಿ ಚಮಚದಂತೆ ಬಾಗಿದವು. “ಇನ್ನ ಉಪ್ಪಿನಕಾಯಿ ಬಡಸಾಕ ಚಮಚಾ ಬ್ಯಾಡ” ಎಂದು ಚೇಷ್ಟೆ ಮಾಡಿದೆ. ಮೆಟ್ಟಿಲು ಹತ್ತಿದರೆ ನಿನಗೆ ಏದುಸಿರು ಬರುತ್ತಿತ್ತು. “ನಮ್ಮ ಮನ್ಯಾಗೂ ಒಂದು ಇದ್ದಿಲ ಗಾಡಿ ಐತಿ” ಎಂದು ಗೆಳೆಯರ ಮುಂದೆ ಹೇಳಿ ನಗಿಸಿದೆ. ಈಗ ಇಲ್ಲಿಯ ದವಾಖಾನೆಯ ಡಾಕ್ಟರಬಾಯಿ ಅದಕ್ಕೆ ರಕ್ತಹೀನತೆ ಎನ್ನುತ್ತಾರೆ. ಆ ಶಬ್ದದಲ್ಲಿ ರಕ್ತ ನಿನ್ನದು, ಹೀನತೆ ನನ್ನದು.

ಮನೆಯಲ್ಲಿ ತಿನ್ನಲು ಇರಲಿಲ್ಲವೆ? ರೇಶನ್ನಿನ ಕಾಲದಲ್ಲೂ ಜೋಳ ಇತ್ತು, ಬೇಳೆ ಇತ್ತು, ವಾರಕ್ಕೆ ನಾಲ್ಕು ದಿನ ಪುಂಡಿಪಲ್ಲೆ, ರಾಜಗಿರಿ. ಆದರೆ ಮೊದಲ ಪಂಕ್ತಿ ನನ್ನದು, ಮತ್ತೊಮ್ಮೆ ನೀಡುವುದೂ ನನಗೇ. ಆಮೇಲೆ ಅವ್ವ. ನಿನ್ನ ಪಾಲಿಗೆ ಬುಟ್ಟಿಯ ತಳದ ರೊಟ್ಟಿ, ಒರಳಿನಲ್ಲಿ ಅಂಟಿದ ಖಾರ. ನಾನು ನಿನ್ನ ಪಾಲಿನ ಪಲ್ಲೆ ತಿಂದು, ತೇಗು ಹೊಡೆದು, ನಿನಗೇ ಪೌಷ್ಟಿಕ ಆಹಾರದ ಮೇಲೆ ಭಾಷಣ ಮಾಡುತ್ತಿದ್ದೆ. ನೆಲದಲ್ಲಿ ಎಲ್ಲವೂ ಇತ್ತು, ರುದ್ರಾ. ಬೇರಿಗೆ ಬಿಡದ ಸುಣ್ಣ ನಾವು.

ದೇಹದೊಳಗೆ ಒಂದು ತಕ್ಕಡಿ ಇದೆ. ಉಪ್ಪು ಹೆಚ್ಚಾದರೆ ನೀರಡಿಸುತ್ತದೆ, ಕಾವು ಹೆಚ್ಚಾದರೆ ಬೆವರುತ್ತದೆ. ಒಂದು ಬದಿ ಇಳಿದರೆ ಇನ್ನೊಂದನ್ನು ಎಳೆದು ಹೇಗೋ ಸರಿದೂಗಿಸುತ್ತದೆ. ದೂಗದಿದ್ದಾಗ ಕೂಗುತ್ತದೆ. ಆ ಕೂಗು ಒಮ್ಮೊಮ್ಮೆ ವಿಚಿತ್ರವಾಗಿರುತ್ತದೆ. ನಿಮ್ಮೂರಿನ ಕುರಿಗಾರ ಅಮಸಿದ್ದನ ಕುರಿಗಳು ಗೋಡೆ ನೆಕ್ಕಿದರೆ ಅವನು ಬೈಯುವುದಿಲ್ಲ. ಉಪ್ಪು ತಂದು ಇಡುತ್ತಾನೆ. ಅವನು ಶಾಲೆಗೆ ಹೋದವನಲ್ಲ. ನಾನು ಬಿ.ಎಸ್‌ಸಿ. ಆದದ್ದರಿಂದ ಬೈದೆ.

ಬೈದದ್ದಷ್ಟೇ ಆಗಿದ್ದರೆ ನೀನು ಹೋಗುತ್ತಿರಲಿಲ್ಲ. ಆ ದಿನ ಟಿಕೋಟಾದಿಂದ ನಮ್ಮ ಬೀಗರು ಬಂದು ಪಡಸಾಲೆಯಲ್ಲಿ ಕೂತಿದ್ದರು. ನೀನು ಐದು ತಿಂಗಳ ಬಸುರಿ. ನಿನ್ನ ಸೆರಗಿನ ಗಂಟಿನಿಂದ ಹೆಂಟೆ ಉರುಳಿತು. ನಾನದನ್ನು ಎತ್ತಿ ಎಲ್ಲರಿಗೂ ತೋರಿಸಿ ಬಚ್ಚಲಿಗೆ ಒಗೆದೆ. ನೀನು ಅಳಲಿಲ್ಲ. “ಬೈರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನನಗ್ಯಾಕ ಅದು ಬೇಕನಸ್ತೈತಿ ಅಂತ ಒಮ್ಮಿಯರ ಕೇಳ್ರಿ” ಅಂದೆ. ನಾನು ಬೀಗರ ಕಡೆ ನೋಡಿ, “ಎರಿಹುಳಾ ಸಿಕ್ಕಾಗ ಕೇಳತೇನಿ ತಗೋ” ಅಂದೆ. ಎಲ್ಲರೂ ನಕ್ಕರು. ಮರುದಿನ ಬೆಳಗಿನ ಬಸ್ಸಿನಲ್ಲಿ ನೀನು ಹೋದೆ.

ಇನ್ನು ಮೊದಲನೆಯ ಕೂಸಿನ ಮಾತು. ಅದನ್ನು ಬರೆಯದೆ ಮುಂದೆ ಹೋಗಲಿಕ್ಕಾಗುವುದಿಲ್ಲ. ಎರಡು ವರ್ಷದ ಹಿಂದೆ, ಶ್ರಾವಣದಲ್ಲಿ, ನಿನ್ನನ್ನು ಮಮದಾಪುರದಿಂದ ಗಾಡಿಯಲ್ಲಿ ಹಾಕಿಕೊಂಡು ಇಲ್ಲಿಯ ದವಾಖಾನೆಗೆ ತಂದರು. ಎಂಟು ತಿಂಗಳ ಕೂಸು ಉಸಿರಿಲ್ಲದೆ ಹುಟ್ಟಿತು. ನಿಮ್ಮಪ್ಪ ಬಸಗೊಂಡಪ್ಪನವರು ಬಾಗಿಲಲ್ಲಿ ನನ್ನ ಕೈ ಹಿಡಿದು, “ನೀವು ಓದಿದವರು, ಯಾಕ ಹಿಂಗಾತು ಹೇಳ್ರಿ” ಎಂದು ಕೇಳಿದರು. ಓದಿದವನು ‘ಗೊತ್ತಿಲ್ಲ’ ಎನ್ನಬಹುದಿತ್ತು. “ಮಣ್ಣು ತಿಂದದ್ದಕ್ಕ ಹಿಂಗಾತ್ರಿ” ಅಂದೆ. ಅವರು ಊರಿಗೆ ಹೋದವರೇ, ಕೆರೆಯ ದಂಡೆಯಲ್ಲಿ ಹೆಂಗಸರು ಮಣ್ಣು ತೆಗೆಯುವ ತಗ್ಗಿಗೆ ಜಾಲಿಮುಳ್ಳು ಹಾಕಿಸಿದರು. ಬಾವಿಕಟ್ಟೆಯ ಮೇಲೆ ಹೆಂಗಸರು, “ಮಣ್ಣು ತಿಂದು ಮಗನ್ನ ಮಣ್ಣಿಗಿಟ್ಟಳವ್ವಾ” ಎಂದು ಆಡಿಕೊಂಡರಂತೆ. ನೀನು ಎರಡು ವರ್ಷ ಆ ಮಾತನ್ನು ಹೊತ್ತುಕೊಂಡು ತಿರುಗಿದೆ. ಆಗ ನನಗೆ ತಿಳಿದಿರಲಿಲ್ಲ, ರುದ್ರಾ. ತಿಳಿವಳಿಕೆಯಿಲ್ಲದೆ ಆಡಿದ ಮಾತು ಎಂದು ಕ್ಷಮಿಸು.

ತಿಳಿದದ್ದು ಮೂರು ವಾರದ ಹಿಂದೆ. ಇಲ್ಲಿ ನನಗೆ ಸ್ವಲ್ಪ ಜಂಬ ಕೊಚ್ಚಿಕೊಳ್ಳಲು ಬಿಡು. ಬಹಳ ದಿನದಿಂದ ಅವಕಾಶ ಸಿಕ್ಕಿಲ್ಲ. ಮ್ಯಾಟ್ರಿಕ್ ವರ್ಗಕ್ಕೆ ಸಸ್ಯಗಳ ಪೋಷಣೆಯ ಪಾಠ ನಡೆದಿತ್ತು. ಹಲಗೆಯ ಮೇಲೆ ಹಳದಿ ಖಡುವಿನಿಂದ ನಮ್ಮ ಲಿಂಬೆಯ ಎಲೆ ಬರೆಯುತ್ತಿದ್ದೆ. ನರ ಎಳೆಯುವಾಗ ಕೈ ನಿಂತಿತು. ಬಿಳುಪು, ಉಗುರು, ಏದುಸಿರು, ಮಣ್ಣಿನ ಆಸೆ, ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿಕೊಂಡು ಬಂದವು. ಯಾವ ಡಾಕ್ಟರನೂ ಹೇಳಿಕೊಟ್ಟದ್ದಲ್ಲ, ಯಾವ ಪುಸ್ತಕದಲ್ಲೂ ಹೀಗೆ ಕೂಡಿಸಿ ಬರೆದದ್ದನ್ನು ಕಂಡಿಲ್ಲ. ನನ್ನ ಸ್ವಂತ ತಲೆಯಲ್ಲಿ ಹೊಳೆದದ್ದು. ದವಾಖಾನೆಗೆ ಹೋದದ್ದು ಬರೀ ಸಿಕ್ಕಾ ಒತ್ತಿಸಿಕೊಳ್ಳಲು. ಡಾಕ್ಟರಬಾಯಿ ಎಲ್ಲ ಕೇಳಿ ಹೌದೆಂದರು. ಮಣ್ಣು ರೋಗವಲ್ಲ, ರೋಗದ ಕೂಗು ಅಂದರು.

ಮುಂದೆ ಅವರು ಹೇಳಿದ್ದನ್ನು ಚೇಷ್ಟೆಯಿಲ್ಲದೆ ಬರೆಯುತ್ತೇನೆ. ಹೊಟ್ಟೆಯ ಕೂಸು ತನ್ನ ಪಾಲಿನ ಕಬ್ಬಿಣವನ್ನು ತಾಯಿಯ ರಕ್ತದಿಂದ ಮೊದಲು ಎತ್ತಿಕೊಳ್ಳುತ್ತದೆ. ನಿನ್ನಲ್ಲಿ ಉಳಿದದ್ದೇ ಸ್ವಲ್ಪ. ನಿನಗೀಗ ಏಳು ತಿಂಗಳು. ಈ ರಕ್ತದಲ್ಲಿ ಹೆರಿಗೆಯಾದರೆ, ಬೇರೆ ಹೆಂಗಸರಿಗೆ ಲೆಕ್ಕಕ್ಕೇ ಬಾರದಷ್ಟು ರಕ್ತ ಹೋದರೂ ನೀನು ತಡೆಯಲಾರೆ. ಇನ್ನೂ ಎರಡು ತಿಂಗಳು ಇದೆ. ಇವತ್ತಿನಿಂದ ಔಷಧ ಕುಡಿದರೆ ದಾರಿ ಇದೆ.

ಮಂಗಳವಾರ ಬಾಬುಸಾಬ ಮೂರನೆಯ ಸಲ ಅದೇ ಬಾಟಲಿ ತರುತ್ತಾನೆ. ದಿನಕ್ಕೆ ಮೂರು ಸಲ, ಊಟವಾದ ಮೇಲೆ, ಒಂದು ಚಮಚೆ, ನೀರಲ್ಲಿ ಬೆರೆಸಿ. ಹಲ್ಲು ಕಪ್ಪಾಗುತ್ತವೆ, ಗೋದಿಯ ಕಡ್ಡಿಯಿಂದ ಹೀರಿ ಕುಡಿ. ಹೊರಕಡೆಗೆ ಹೋದದ್ದೂ ಕಪ್ಪಾಗಿರುತ್ತದೆ, ಹೆದರಬೇಡ. ಊಟ ಎಲ್ಲರಿಗಿಂತ ಮೊದಲು ನೀನು ಮಾಡು. ನಿಮ್ಮವ್ವ ಗುರುಬಸವ್ವನವರು ಇದಕ್ಕೆ ಬೈದರೆ, ಬೈಗಳನ್ನು ನನ್ನ ಹೆಸರಿಗೆ ಟಪಾಲಿನಲ್ಲಿ ಹಾಕಲು ಹೇಳು. ಎಂಟನೆಯ ತಿಂಗಳು ಹತ್ತಿದ ಕೂಡಲೇ ಇಲ್ಲಿಯ ದವಾಖಾನೆಗೆ ಬಾ. ನಮ್ಮ ಮನೆಗೆ ಬರಬೇಕೆಂದಿಲ್ಲ, ನನ್ನ ಮಾರಿ ನೋಡಬೇಕೆಂದಿಲ್ಲ. ಬರಲಿಕ್ಕೂ ಮನಸ್ಸಿಲ್ಲದಿದ್ದರೆ ಬಾಟಲಿಯನ್ನಾದರೂ ತಿರುಗಿ ಕಳಿಸಬೇಡ. ಕೊಟ್ಟವನ ಮೇಲಿನ ಸಿಟ್ಟು ಔಷಧದ ಮೇಲೆ ಬೇಡ. ಸಿಟ್ಟನ್ನು ಗಟ್ಟಿಯಾಗಿಟ್ಟುಕೋ, ಅದನ್ನು ನನ್ನ ಮೇಲೆ ತೀರಿಸಲಿಕ್ಕಾದರೂ ಬದುಕು.

ನೀನೊಬ್ಬಳನ್ನು ಬಿಟ್ಟರೆ ಯಾರನ್ನೂ ನಗಿಸಬೇಕೆನ್ನಿಸದ,
ಗುರಲಿಂಗ

ತಾ. ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಹರಿದೆ. ಸುಳ್ಳು ಕಾಗದದ ಜೊತೆ ಬಂದ ಔಷಧವನ್ನು ನೀನು ಮೂಸಿ ನೋಡಿದರೂ ತಿಳಿದುಕೊಳ್ಳುತ್ತೀ.

ಇದರೊಳಗೆ ಡಾಕ್ಟರಬಾಯಿಯ ಚೀಟಿ ಇಟ್ಟಿದ್ದೇನೆ. ಬರಹ ಇಂಗ್ಲಿಷು, ನಿನ್ನ ನಾಲ್ಕನೆಯ ಇಯತ್ತೆಯ ಓದಿಗೆ ಅಕ್ಷರ ತಿಳಿಯದಿದ್ದರೂ ಅಂಕಿ ತಿಳಿಯುತ್ತವೆ. ತಾರೀಖು ನೋಡು: ೯ ಆಗಸ್ಟ ೧೯೪೪. ನಿಮ್ಮಪ್ಪನವರಿಗೆ ಮಣ್ಣಿನ ಮಾತು ಹೇಳಿ ಒಂದು ತಾಸೂ ಆಗಿರಲಿಲ್ಲ. ಅವರು ಕೂಸನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಾಡಿ ಹತ್ತಿದ್ದರು. ಡಾಕ್ಟರಬಾಯಿ ನನ್ನನ್ನು ಒಳಗೆ ಕರೆದು, ಇದು ಮಣ್ಣಿನಿಂದ ಆದದ್ದಲ್ಲ, ಮೈಯಲ್ಲಿ ರಕ್ತವೇ ಇಲ್ಲ, ಮುಂದಿನ ಬಸಿರಿಗಿಂತ ಮೊದಲು ಈ ಔಷಧ ಕೊಡಲೇಬೇಕು ಎಂದು ಹೇಳಿ ಬರೆದುಕೊಟ್ಟರು. ಗಾಡಿ ಇನ್ನೂ ಊರ ಅಗಸಿ ಬಾಗಿಲು ದಾಟಿರಲಿಲ್ಲ. ಓಡಿ ಹೋಗಿ ಹೇಳಬಹುದಿತ್ತು. ಬಿ.ಎಸ್‌ಸಿ. ಅಳಿಯ ತಪ್ಪು ಹೇಳಿದ ಎಂದಾಗುತ್ತಿತ್ತು, ನಿಂತುಬಿಟ್ಟೆ. ಔಷಧ ತಂದರೆ ಯಾಕೆಂದು ನೀನು ಕೇಳುತ್ತಿದ್ದೆ, ಅದಕ್ಕೆ ತರಲಿಲ್ಲ. ಚೀಟಿ ಎರಡು ವರ್ಷ ನನ್ನ ಪ್ರಾಣಿಶಾಸ್ತ್ರದ ಪುಸ್ತಕದಲ್ಲಿತ್ತು. ಹಲಗೆಯ ಮುಂದೆ ನನಗೆ ಏನೂ ಹೊಳೆದಿರಲಿಲ್ಲ.

ಇಷ್ಟನ್ನು ನಿಮ್ಮಪ್ಪನವರ ಎದುರಿಗೆ ಗಟ್ಟಿಯಾಗಿ ಓದು. ಬಾವಿಕಟ್ಟೆಯ ಮೇಲೂ ಓದು.

ಕೊನೆಯದೊಂದನ್ನು ಬೇಕಾದರೆ ನಿನ್ನಲ್ಲೇ ಇಟ್ಟುಕೋ. ಮೂರು ವಾರದ ಹಿಂದೆ ದವಾಖಾನೆಗೆ ಹೋದಾಗ ಡಾಕ್ಟರಬಾಯಿ ನನ್ನ ಗುರುತು ಹಿಡಿದರು. ಆವತ್ತೇ ಬರೆದುಕೊಟ್ಟಿದ್ದೆನಲ್ಲ, ಹೆಂಡತಿಗೆ ಕೊಡಲಿಲ್ಲವೇ ಎಂದು ಕೇಳಿದರು. ನಾನು, “ಕೊಟ್ಟಿದ್ದೆರಿ, ಆಕೀನ ಕುಡೀಲಿಲ್ಲ” ಅಂದೆ.