ಉಡಿದಾರಕ್ಕೆ ಕಟ್ಟಿದ ಬೀಗದಕೈ

ಹಿರಿಯೂರು
ಬುಧವಾರ, 11 ಡಿಸೆಂಬರ್ 2024

ಪ್ರೀತಿಯ ಶೋಭಾ,

ಹೀಗೆ ಕರೆಯಬಾರದು ಅಂತ ಡೈವೋರ್ಸ್ ಕಾಗದದಲ್ಲಿ ಎಲ್ಲೂ ಬರೆದಿಲ್ಲ, ತೆಗೆದು ನೋಡಿದೆ. ನಾಲ್ಕು ವರ್ಷ ಆದಮೇಲೆ ನನ್ನ ಅಕ್ಷರ ಕಂಡು ನೀನು ಮೊದಲು ಹುಬ್ಬು ಗಂಟಿಕ್ಕುತ್ತೀಯ, ಆಮೇಲೆ ಕೆಂಪು ಪೆನ್ನು ಹುಡುಕುತ್ತೀಯ. ತಿದ್ದು, ಬೇಡ ಅನ್ನುವುದಿಲ್ಲ. ಆದರೆ ತಾಳ್ಯದ ನಿನ್ನ ಸ್ಕೂಲಿನಲ್ಲಿ ಕೂತು ಓದಬೇಡ. ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಓದು. ಇದನ್ನೇ ಫೋನಿನಲ್ಲಿ ಏಳು ಸಲ ಟೈಪ್ ಮಾಡಿ ಏಳು ಸಲವೂ ಅಳಿಸಿದೆ. ಕಾಗದವಾದರೆ ಡಬ್ಬಿಗೆ ಹಾಕಿದ ಮೇಲೆ ವಾಪಸ್ ತೆಗೆಯಲು ಆಗುವುದಿಲ್ಲವಲ್ಲ.

ದೀಪಾವಳಿ ಕಳೆದ ವಾರ ನಿನ್ನ ತಂಗಿ ಚೈತ್ರಾ ನಮ್ಮ ಪೈಪಿನ ಅಂಗಡಿಗೆ ಬಂದಿದ್ದಳು. ಈ ಹಬ್ಬದಲ್ಲೂ ಮಾವ ನಿನ್ನ ಜತೆ ಮಾತಾಡಲಿಲ್ಲವಂತೆ. ನೀನು ಬಡಿಸಿದರೆ ಉಣ್ಣುತ್ತಾರೆ, ಆದರೆ ಸಾಕು ಅನ್ನುವುದನ್ನೂ ಅತ್ತೆಯ ಕೈಲಿ ಹೇಳಿಸುತ್ತಾರಂತೆ. ಕುಡಿಯಲ್ಲ, ಹೊಡೆಯಲ್ಲ, ಒಂದು ಬೀಡಿ ಸೇದಲ್ಲ, ಅಂಥ ದೇವರಂಥ ಗಂಡನ್ನ ಬಿಟ್ಟು ಬಂದವಳ ಜತೆ ನಂದೇನೈತೆ ಮಾತು, ಅನ್ನುತ್ತಾರಂತೆ. ದೇವರಂಥ ಗಂಡ ಗಲ್ಲಾಪೆಟ್ಟಿಗೆ ಹಿಂದೆ ಕೂತು ಇದನ್ನೆಲ್ಲ ಕೇಳಿಸಿಕೊಂಡ. ತಲೆ ಎತ್ತಲಾಗಲಿಲ್ಲ ಶೋಭಾ.

ಡೈವೋರ್ಸಿಗೆ ಮುಂಚೆ ಪಂಚಾಯಿತಿ ಸೇರಿಸಿದಾಗ ಹಿರಿಯರ ಮುಂದೆ ನೀನು ಹೇಳಿದ್ದು ಒಂದೇ ಮಾತು, ಗೋಡೆ ಜತೆ ಎಷ್ಟು ವರ್ಷ ಬಾಳಲಿ ಅಂತ. ಎಲ್ಲರೂ ನಿನ್ನನ್ನೇ ಬೈದರು. ಗೋಡೆ ಯಾಕೆ ಗೋಡೆಯಾಗಿತ್ತು ಅನ್ನುವುದು ನನಗೊಬ್ಬನಿಗೆ ಗೊತ್ತಿತ್ತು. ನಾನು ನೆಲ ನೋಡುತ್ತಾ ಕೂತಿದ್ದೆ.

ವಿಷಯ ಇಷ್ಟೇ. ನನ್ನ ಮನಸ್ಸು ಹೋಗುವುದು ಗಂಡಸರ ಕಡೆಗೆ. ಹೈಸ್ಕೂಲಿನಿಂದ ಗೊತ್ತು. ಮದುವೆಯಾದರೆ ಸರಿಹೋಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಅದು ಸರಿಹೋಗುವ ಸಂಗತಿಯಲ್ಲ. ನಿನ್ನ ಆರು ವರ್ಷ ಅದಕ್ಕೆ ಸುಮ್ಮನೆ ಆಹುತಿಯಾಯಿತು.

ಇಲ್ಲಿಗೆ ನಿಲ್ಲಿಸಿದರೆ ನೀನು ಅಳುತ್ತೀಯ. ಅದಕ್ಕೇ ಒಂದು ಪ್ರಸಂಗ ಬರೆಯುತ್ತೇನೆ, ನಗು ಬಂದರೆ ನಕ್ಕುಬಿಡು. ಹೋದ ತಿಂಗಳು ಪೈಪ್ ಕಂಪನಿಯವರು ಡೀಲರುಗಳನ್ನೆಲ್ಲ ಬ್ಯಾಂಕಾಕಿಗೆ ಟೂರ್ ಕರೆದುಕೊಂಡು ಹೋಗಿದ್ದರು. ನನ್ನ ರೂಮಿಗೆ ಚಿತ್ರದುರ್ಗದ ದಿಲಾವರ್ ಅಂತ, ಹಾರ್ಡ್‌ವೇರ್ ಅಂಗಡಿಯವರು. ಮೂರನೇ ದಿನ ಎಲ್ಲರೂ ಹುಲಿ ನೋಡಲು ಹೊರಟರು. ನಾನು ಹೊಟ್ಟೆನೋವು ಅಂದೆ. ದಿಲಾವರ್ ಪಾಪ ಓಮಿನ ಕಾಳು ಕೊಟ್ಟು, ಮಲಕ್ಕಳ್ರಿ ಅಂತ ಹೊದಿಸಿ ಹೋದರು. ಬಸ್ಸು ಹೊರಟಿದ್ದೇ ತಡ, ನಾನು ಎದ್ದೆ.

ಆ ಊರಲ್ಲಿ ಗಂಡಸರನ್ನು ಇಷ್ಟಪಡುವ ಗಂಡಸರಿಗೆಂದೇ ಸ್ನಾನದ ಮನೆಗಳಿವೆ. ಹಬೆಯ ಕೋಣೆ, ಬಿಸಿನೀರಿನ ತೊಟ್ಟಿ, ಚಹಾ ಕುಡಿಯಲು ಜಾಗ. ಮುಚ್ಚುಮರೆ ಇಲ್ಲ, ಹೊರಗೆ ಬೋರ್ಡೇ ಇದೆ. ಆ ಬೋರ್ಡಿನ ಮುಂದೆ ಮೂರು ಸಲ ಹಾದುಹೋದೆ. ನಾಲ್ಕನೇ ಸಲಕ್ಕೆ ಕಾಲು ತಾನಾಗಿ ಒಳಗೆ ನುಗ್ಗಿತು.

ಕೌಂಟರಿನವನು ಒಂದು ಟವೆಲ್ಲು, ಲಾಕರಿನ ಬೀಗದಕೈ ಕೊಟ್ಟ. ಅದಕ್ಕೊಂದು ರಬ್ಬರು ಪಟ್ಟಿ, ನಂಬರಿನ ತಗಡಿನ ಬಿಲ್ಲೆ. ಮುಂಗೈಗೆ ಹಾಕಿಕೊಳ್ಳಲು ಅಂತ ನನಗೇನು ಗೊತ್ತು? ನಮ್ಮ ತಾತ ಬೀರುವಿನ ಬೀಗದಕೈ ಎಲ್ಲಿ ಕಟ್ಟಿಕೊಳ್ಳುತ್ತಿದ್ದರೋ ಅಲ್ಲೇ ಕಟ್ಟಿಕೊಂಡೆ, ಉಡಿದಾರಕ್ಕೆ. ಮೇಲೆ ಚಡ್ಡಿ, ಅದರ ಮೇಲೆ ಟವೆಲ್ಲು. ಕೈಯಲ್ಲಿ ಸೋಪಿನ ಡಬ್ಬಿ ಮತ್ತು ಬೆನ್ನುಜ್ಜುವ ಹೀರೇಕಾಯಿ ನಾರು. ಸ್ನಾನದ ಮನೆಗೆ ಇನ್ನು ಹೇಗೆ ಹೋಗುತ್ತಾರೆ ಹೇಳು? ಹೆಜ್ಜೆ ಇಟ್ಟಾಗಲೆಲ್ಲ ಬೀಗದಕೈ ಒಳಗೇ ಟಣಟಣ ಅನ್ನುತ್ತಿತ್ತು. ಹಬೆಯ ಕೋಣೆಯಲ್ಲಿ ಅರಳಿಕಟ್ಟೆ ಮೇಲೆ ಕೂತ ಹಾಗೆ ಹತ್ತು ಜನ ಕೂತಿದ್ದರು, ಅಷ್ಟೂ ಜನ ನನ್ನ ಸೊಂಟ ನೋಡಿದರು.

ಅರವತ್ತು ದಾಟಿದ ಒಬ್ಬರು ಪಕ್ಕಕ್ಕೆ ಕರೆದು, ಬೀಗದಕೈ ಕೈಗೆ ಹಾಕಿಕೋ ಅಂತ ಅಭಿನಯ ಮಾಡಿ ತೋರಿಸಿದರು. ಮಲೇಷ್ಯಾದ ರಿಟೈರ್ಡ್ ಮೇಷ್ಟ್ರಂತೆ. ಮೇಷ್ಟ್ರುಗಳಿಗೆ ಎಲ್ಲಿದ್ದರೂ ತಿದ್ದುವ ಚಟ. ಅವರಿಗೆ ಆ ನಾರು ಬಹಳ ಹಿಡಿಸಿತು, ಬೆನ್ನು ಕೊಟ್ಟು ಕೂತರು. ಚೆನ್ನಾಗಿ ಉಜ್ಜಿದೆ. ಆಮೇಲೆ ನಾರು ಇಸಿದುಕೊಂಡು, ಈಗ ನೀನು ತಿರುಗು ಅಂದರು.

ನಿನಗೆ ನೆನಪಿರಬೇಕು. ಮದುವೆಯಾದ ವರ್ಷದ ದೀಪಾವಳಿ, ಬಾಗೂರಿನ ನಿನ್ನ ತವರುಮನೆಯ ಬಚ್ಚಲು. ಅತ್ತೆ ತಲೆಗೆ ಎಣ್ಣೆ ಇಟ್ಟು ಹೋದರು, ನೀನು ಬೆನ್ನುಜ್ಜಲು ಬಂದೆ. ನಾನು ಮರದ ಹಾಗೆ ಸೆಟೆದುಕೊಂಡೆ. ನನ್ನ ಕೈ ಅಷ್ಟು ಒರಟಾ ಅಂತ ಕೇಳಿದೆ ನೀನು. ನಾನು ನೀರು ಸುರಿದುಕೊಂಡೆ. ಆಮೇಲೆ ನೀನು ಎಷ್ಟೋ ದಿನ ಕೈಗೆ ಬೆಣ್ಣೆ ಹಚ್ಚಿಕೊಂಡು ಮಲಗುತ್ತಿದ್ದುದನ್ನು ನೋಡಿದ್ದೇನೆ. ನೋಡಿ ಆಚೆ ಮಗ್ಗುಲಿಗೆ ತಿರುಗಿಕೊಂಡೆ.

ಆ ಮೇಷ್ಟ್ರ ಕೈ ನಿಜಕ್ಕೂ ಒರಟು. ಆದರೂ ಬೆನ್ನು ಸೆಟೆಯಲಿಲ್ಲ. ಮೂವತ್ತೆಂಟು ವರ್ಷದಲ್ಲಿ ಮೊದಲ ಸಲ, ಇಲ್ಲಿ ಯಾರೂ ನನ್ನನ್ನು ಹಿಡಿದುಹಾಕುವುದಿಲ್ಲ ಅನ್ನಿಸಿತು. ಅಳು ಬಂತು. ಹಬೆಯಲ್ಲಿ ಯಾರಿಗೂ ಗೊತ್ತಾಗಲಿಲ್ಲ. ನಿನ್ನ ಕೈ ಒರಟಲ್ಲ ಶೋಭಾ. ಬಂಗಾರದಂಥ ಕೈ ಅದು, ಅದರಲ್ಲಿ ಯಾವ ದೋಷವೂ ಇರಲಿಲ್ಲ.

ಅಷ್ಟೇನಾ ಅಂತ ಕೇಳುತ್ತೀಯ. ಅಷ್ಟೇ ಅಲ್ಲ. ನನ್ನ ವಯಸ್ಸಿನ ಇನ್ನೊಬ್ಬರು ಚಹಾ ತಂದುಕೊಟ್ಟರು, ಬಹಳ ಹೊತ್ತು ಕೈ ಹಿಡಿದುಕೊಂಡು ಕೂತಿದ್ದೆವು. ಅದರಾಚೆಯದು ನಿನಗೆ ಬೇಡ, ಕಾಗದಕ್ಕೂ ಬೇಡ. ಸಂಜೆ ದಿಲಾವರ್ ಬಂದು, ತಲೆ ಒದ್ದೆ ಐತಲ್ರಿ ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುವುದು ನನ್ನಂಥವನನ್ನು ನೋಡಿಯೇ ಹುಟ್ಟಿದ ಗಾದೆ. ಕೇಳದಿದ್ದರೂ ಜ್ವರ, ಬೆವರು ಅಂತ ಹತ್ತು ಸುಳ್ಳು ಹೇಳಿದೆ. ಅವರು ಮತ್ತೆ ಓಮಿನ ಕಾಳು ಕೊಟ್ಟರು.

ಈ ಕಾಗದವನ್ನು ಮಾವನಿಗೆ ತೋರಿಸು. ಸ್ನಾನದ ಮನೆಯ ಹಾಳೆ ತೆಗೆದಿಟ್ಟುಕೊಂಡು ಉಳಿದದ್ದು ತೋರಿಸು. ನನ್ನ ಮರ್ಯಾದೆಯ ಯೋಚನೆ ನಿನಗೆ ಬೇಡ. ಇಷ್ಟು ವರ್ಷ ಅದನ್ನು ನಿನ್ನ ಖರ್ಚಿನಲ್ಲೇ ಉಳಿಸಿಕೊಂಡಿದ್ದೇನೆ. ಕ್ಷಮಿಸು ಅಂತ ಬರೆಯಲು ನಾಚಿಕೆ, ಬರೆಯದೇ ಇರಲು ಅದಕ್ಕಿಂತ ನಾಚಿಕೆ. ಕ್ಷಮಿಸು.

ಗಂಡನಾಗಿ ಫೇಲಾಗಿ, ಸ್ನೇಹಿತನಾಗಿ ಇನ್ನೊಂದು ಸಲ ಪರೀಕ್ಷೆಗೆ ಕೂತಿರುವ,
ಪ್ರಸನ್ನಕುಮಾರ್

ಮರೆತ ಮಾತು: ಇವತ್ತು ಶನಿವಾರ. ಮೂರು ದಿನ ಇದನ್ನು ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ. ಮಾವನಿಗೆ ನೀನು ತೋರಿಸು ಅಂದದ್ದು ಹೇಡಿತನ ಅನ್ನಿಸಿ, ಬೆಳಿಗ್ಗೆ ನಾನೇ ಬಾಗೂರಿಗೆ ಹೋಗಿದ್ದೆ. ಅವರು ಕಾಯಿ ಸುಲಿಯುತ್ತಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಮತ್ತೆರಡು ಕಾಯಿ ಸುಲಿದರು. ಇದು ಅವಳಿಗೆ ಗೊತ್ತಿತ್ತಾ ಅಂತ ಕೇಳಿದರು, ಇಲ್ಲ ಅಂದೆ. ನಾಲ್ಕು ವರ್ಷ ಮಗೀನ ಜತೆ ಮಾತು ಬಿಟ್ನಲ್ಲಪ್ಪ ಅಂದರು. ನನ್ನನ್ನು ಬೈಯಲಿಲ್ಲ, ಕೂತ್ಕ ಅಂತಲೂ ಅನ್ನಲಿಲ್ಲ. ಹೊರಡುವಾಗ, ತಾಳ್ಯಕ್ಕೆ ಬೆಳಿಗ್ಗೆ ಯಾವ ಬಸ್ ಐತೆ ಅಂತ ಕೇಳಿದರು. 22ರ ಭಾನುವಾರ ಬರುತ್ತಾರೆ. ನಿನಗೆ ಹೇಳಕೂಡದು ಅಂತ ನನ್ನಿಂದ ಮಾತು ತೆಗೆದುಕೊಂಡಿದ್ದಾರೆ. ಹೇಳಿಬಿಟ್ಟಿದ್ದೇನೆ. ಮುಚ್ಚಿಡುವ ಕೆಲಸ ಇನ್ನು ನನ್ನ ಕೈಲಾಗುವುದಿಲ್ಲ.