ನನಗಿಂತ ಮೊದಲು ಕೈಯಿಟ್ಟವನು

ಸದಕಾಜು ಅಣ್ಣ,

ಇವತ್ತು ಮೀನುಗಾರರ ಭವನದಲ್ಲಿ ಆರೋಗ್ಯ ತಪಾಸಣೆಗೆ ಹೋಗಿದ್ದೆ. ಕ್ಯಾರೆಟ್, ಸೊಪ್ಪಿನಿಂದ ಬರುವ ಬಣ್ಣ ಅಂಗೈ ಚರ್ಮದಲ್ಲಿ ಎಷ್ಟಿದೆಯೆಂದು ಬೆಳಕು ಬಿಟ್ಟು ಅಳೆಯುತ್ತಾರೆ. ತೀರಾ ಕಡಿಮೆಯಿದ್ದರೆ ಹೃದಯಕ್ಕೆ ಅಪಾಯವಿರಬಹುದಂತೆ.

ಊರಿಗೆ ಹೊಸಬಳಾದ ನರ್ಸ್, "ನಿಮ್ಮದೂ ಕಮ್ಮಿನೇ, ಕಿಯೊನೊ ಅವರೇ. ಈಗ ಹೋದ್ರಲ್ಲ, ಅವರ ಕೈಲಂತೂ ಏನೂ ಇರ್ಲಿಲ್ಲ" ಎಂದಳು.

"ಯಾರಮ್ಮ? ನಾನೇ ಮೊದಲು ಬಂದಿದ್ದು."

"ಹೆಬ್ಬೆರಳಿಲ್ಲದವರು. 'ನಂದು ಬಿಡಮ್ಮ, ಹಿಂದೆ ತಂಗಿ ಬರ್ತಾಳೆ, ಅವಳ ಎದೆ ನೋಡ್ಸು' ಅಂದ್ರು."

ಬಲೆ ಎಳೆಯುವ ಯಂತ್ರಕ್ಕೆ ಹೆಬ್ಬೆರಳು ಕೊಟ್ಟವನು ಊರಲ್ಲಿ ನೀನೊಬ್ಬನೇ. ಹೋದ ಚಳಿಗಾಲ ನೀನು ಎದೆನೋವಿನಿಂದ ತೀರಿಕೊಂಡಾಗ ಚಿತೆಯಿಂದ ನಿನ್ನ ಮೂಳೆಗಳನ್ನು ಕಡ್ಡಿಯಲ್ಲಿ ಆರಿಸಿದವಳು ನಾನೇ.

ಡಾಕ್ಟರು ಆಸ್ಪತ್ರೆಗೆ ಕರೆದೊಯ್ದು ಎದೆ ಪರೀಕ್ಷಿಸಿದರು. ರಕ್ತನಾಳ ಕಟ್ಟಿಕೊಂಡಿದೆಯಂತೆ, ನಾಳೆ ಆಪರೇಷನ್, ಬದುಕುತ್ತೀರಿ ಎಂದರು.

ನಿನಗೆ ಎದೆ ನೋಡಿಸಿಕೋ ಎಂದು ಹೇಳುವವರು ಯಾರೂ ಇರಲಿಲ್ಲವಲ್ಲ, ಅಣ್ಣ.

ಕಿಯೊನೊ