ಅಣ್ಣನ ಹೊಟ್ಟೆಗೆ ಎಣ್ಣೆ ತಿಕ್ಕಲಿಲ್ಲ

ಅಪ್ಪಾ,

ಸೇಲಂ ಆಸ್ಪತ್ರೆಯ ವರಾಂಡದಲ್ಲಿ ಕೂತು ಒಂಬತ್ತು ದಿನವಾಯಿತು. ಸೊಂಟ ಹಿಡಿದಿದೆ, ಇಡ್ಲಿ ಕಂಡರೆ ಸಿಟ್ಟು ಬರುತ್ತದೆ. ನಾನು ಓದಿದ್ದು ತಮಿಳೇ ಆದರೂ ನಿನ್ನ ಜೊತೆ ತಮಿಳು ಮಾತಾಡಿ ಅಭ್ಯಾಸವಿಲ್ಲ. ಅದಕ್ಕೇ ಬಂದಷ್ಟು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಅಣ್ಣ ಒಳಗಿದ್ದಾನೆ. ಹೆದರಬೇಡ, ಬದುಕಿದ್ದಾನೆ.

ಒಂಬತ್ತು ದಿನದ ಹಿಂದೆ ಕುರಿ ಬಿಟ್ಟು ಬಂದವನೇ ಜಗಲಿಯ ಮೇಲೆ ಅಂಗಾತ ಬಿದ್ದುಕೊಂಡ. "ಮಾದೀ, ಕರುಳು ಸರ್ಕಂಡೈತೆ ಕಣಮ್ಮಿ, ಒಸಿ ಎಣ್ಣೆ ಆಕಿ ತಿಕ್ಕು" ಎಂದ. ನನ್ನ ಕೈಗುಣ ನಂಗವಳ್ಳಿಯವರೆಗೂ ಹೆಸರುವಾಸಿಯಲ್ಲವೇ! ಹೊಕ್ಕುಳದ ಬಡಿತ ಪಕ್ಕಕ್ಕೆ ಸಿಕ್ಕರೆ ಕರುಳು ಸರಿದಿದೆ, ಹರಳೆಣ್ಣೆ ಹಾಕಿ ತಿಕ್ಕಿ ನಡುವಿಗೆ ತಂದರಾಯಿತು. ಇಷ್ಟೇ ನನ್ನ ವಿದ್ಯೆ. ಕೈ ಇಟ್ಟೆ. ಮೂಸಂಬಿಯಷ್ಟು ದಪ್ಪನೆಯದೇನೋ ದಬದಬ ಎಂದು ನನ್ನ ಕೈಯನ್ನೇ ಎತ್ತುತ್ತಿತ್ತು. ಆ ಬಡಿತ ನನಗೆ ಗೊತ್ತಿತ್ತು ಅಪ್ಪ. "ಏಳು, ಸೇಲಂಗೆ ಓಗಾನ" ಎಂದೆ. "ಪೈತ್ಯಮಾ ನಿಂಗೆ, ಉಚ್ಚಾ?" ಎಂದು ಬೈದ. ನಾನು ಅತ್ತೆ. ಅದನ್ನು ನೋಡಿ ಗಾಬರಿಯಾಗಿ ಎದ್ದು ಅಂಗಿ ಹಾಕಿಕೊಂಡ.

ಸ್ಕ್ಯಾನ್ ನೋಡಿದ ಡಾಕ್ಟರಮ್ಮ, ಎದೆಯಿಂದ ಹೊಟ್ಟೆಗಿಳಿಯುವ ದೊಡ್ಡ ರಕ್ತನಾಳ ಹಳೇ ಸೈಕಲ್ ಟ್ಯೂಬಿನ ಹಾಗೆ ಉಬ್ಬಿದೆ, ಒಡೆದರೆ ಉಳಿಯುವುದು ಕಷ್ಟ ಎಂದರು. ಹೊಟ್ಟೆ ಕೊಯ್ದು, ಉಬ್ಬಿದ ಜಾಗದಲ್ಲಿ ಬಟ್ಟೆಯ ಕೊಳವೆ ಕೂರಿಸಿ ಹೊಲಿದರು. ಐದು ಗಂಟೆ ಹಿಡಿಯಿತು. ಎಚ್ಚರವಾದ ಮೇಲೆ ಮಹಾರಾಯ ಮೊದಲು ಕೇಳಿದ್ದೇನು ಗೊತ್ತಾ? ಬೀಡಿ! ಅದೇ ಬೀಡಿಯಿಂದ ಬಂದ ಕಾಯಿಲೆಯಂತೆ. ನಿಮ್ಮಿಬ್ಬರಿಗೂ ಎಷ್ಟು ಹೇಳಿದ್ದೆ...

ನಿನಗೂ ಹೀಗೇ ಹೊಟ್ಟೆ, ಸೊಂಟ ನೋವು ಬಂದಾಗ ಮೂರು ದಿನ ಬೆಳಗ್ಗೆ ನಾನೇ ಹೊಟ್ಟೆ ತಿಕ್ಕಿದೆ. ಮೂರನೆಯ ದಿನ "ಸರೋಯ್ತು ಕಣಪ್ಪ" ಎಂದೆ. ನೀನು ನಂಬಿ ಗಂಜಿ ಕುಡಿದೆ. ಮಧ್ಯಾಹ್ನ ನಿನ್ನನ್ನು ಆಸ್ಪತ್ರೆಗೆ ಹೊತ್ತ ಆಟೋ ತಾರಮಂಗಲಂ ದಾಟುವ ಮೊದಲೇ... ಹಾರ್ಟು ನಿಂತಿತು ಎಂದು ಎಲ್ಲರೂ ಅಂದರು. ನಾನೂ ತಲೆಯಾಡಿಸಿದೆ. ನಾನು ತಿಕ್ಕಿದ್ದಕ್ಕೇ ಒಡೆಯಿತಾ ಅಪ್ಪ? ಡಾಕ್ಟರಮ್ಮನನ್ನು ಕೇಳೋಣವೆಂದು ಮೂರು ಸಲ ಅವರ ಬಾಗಿಲವರೆಗೂ ಹೋಗಿ ವಾಪಸ್ಸು ಬಂದೆ. ನನ್ನ ಕೈಲಾಗಲಿಲ್ಲ.

ಇವತ್ತು ಅವರೇ ಬಂದು, "ಇದೆ ಯಾರಮ್ಮಾ ಕಂಡುಪಿಡಿಚ್ಚದು?" ಎಂದು, ಇದನ್ನು ಪತ್ತೆ ಹಚ್ಚಿದ್ದು ಯಾರೆಂದು ಕೇಳಿದರು. "ಎನ್ ತಂಗಚ್ಚಿ" ಎಂದು ಅಣ್ಣ ಹೆಮ್ಮೆಯಿಂದ ನನ್ನತ್ತ ಕೈ ತೋರಿಸಿದ. ಬರೀ ಕೈಯಲ್ಲೇ ಇದನ್ನು ಗುರುತಿಸಲು ಎಲ್ಲಿ ಕಲಿತೆ ಎಂದು ಬೆನ್ನು ತಟ್ಟಿದರು. "ಅಜ್ಜಿ ಹತ್ತಿರ" ಎಂದುಬಿಟ್ಟೆ.

ಸುಳ್ಳು ಹೇಳಿದೆ. ನಾನು ಕಲಿತದ್ದು ನಿನ್ನ ಹೊಟ್ಟೆಯ ಮೇಲೆ ಅಪ್ಪ. ಅಣ್ಣನ ಹೊಲಿಗೆ ಬಿಚ್ಚಲಿ, ಅವನಿಗೆ ಹೇಳುತ್ತೇನೆ.

ನಿನ್ನ
ಮಾದಿ